ಗುಡುಗಜ್ಜಿಯ ಹನ್ನೊಂದು ಕೂಗು

"ಇದೆ" ಎಂದೆ. ಇರಲಿಲ್ಲ, ಇಂದಿರಮ್ಮ. ನಿಮ್ಮ ಸಿನಿಮಾ ನಿಂತುಹೋಗಿ ಆಗಲೇ ಹನ್ನೆರಡು ದಿನವಾಗಿತ್ತು. ಗೊತ್ತಿದ್ದೂ ನಿಮ್ಮ ಮಗಳಿಗೆ ಫೋನಿನಲ್ಲಿ "ಇದೆಯಮ್ಮ, ಇದೆ" ಎಂದು ಹೇಳಿದೆ. ಆ ಮಾತು ನಂಬಿ ನೀವು ಗಂಟಲಿನ ಆಪರೇಷನ್ ಮುಂದೂಡಿದಿರಿ. ಮೂರು ವರ್ಷದಿಂದ ಇದನ್ನು ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ — ನನ್ನ ಹೆಂಡತಿಯ ಹತ್ತಿರವೂ.

ನಿಮಗೆ ಗೊತ್ತಿರುವುದನ್ನೂ ಸೇರಿಸಿಯೇ ಬರೆಯುತ್ತೇನೆ. ಬೇಕಾದ್ದನ್ನು ಹೇಳಿ ಬೇಡವಾದ್ದನ್ನು ನುಂಗುವುದರಲ್ಲಿ ನಾನು ಚೆನ್ನಾಗಿ ಪಳಗಿದ್ದೇನೆ. ಈ ಸಲ ಹಾಗಾಗಬಾರದು.

ಅಂಬತ್ತೂರಿನ ಕಂಪನಿಯೊಂದು ಆ ಸೂಪರ್‌ಹೀರೋ ಕಾರ್ಟೂನ್ ಸಿನಿಮಾ ಮಾಡಿದಾಗ ಕನ್ನಡ ಡಬ್ಬಿಂಗ್ ನನ್ನ ಪಾಲಿಗೆ ಬಂತು. ಹಾರುವ ಹುಡುಗ, ಅವನ ಗೆಳತಿ, ನಡುವೆ ಐದು ನಿಮಿಷ ಬಂದು ಹೋಗುವ ಒಬ್ಬ ಮುದುಕಿ — ಕೂಗಿದರೆ ಬಂಡೆ ಸೀಳುವ ಗುಡುಗಜ್ಜಿ. ಆ ಐದು ನಿಮಿಷಕ್ಕೆಂದು ನಿಮ್ಮನ್ನು ಅಡ್ಯಾರಿನಿಂದ ಕೋಡಂಬಾಕ್ಕದ ನಮ್ಮ ಸ್ಟುಡಿಯೋಗೆ ಕರೆಸಿದೆ. ಮೂವತ್ತು ವರ್ಷ ಯಾರ್ಯಾರದೋ ಅತ್ತೆಗೆ, ಆಯಾಗೆ, ಗುಂಪಿನಲ್ಲಿ ಅಳುವ ಹೆಂಗಸಿಗೆ ದನಿ ಕೊಟ್ಟವರು ನೀವು. ಒಮ್ಮೆಯೂ ತೆರೆಯ ಮೇಲೆ ಹೆಸರು ಬಂದಿರಲಿಲ್ಲ. ಜೀರಿಗೆ ನೀರಿನ ಫ್ಲಾಸ್ಕನ್ನು ಪಕ್ಕಕ್ಕಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂಗಿದಿರಿ ನೋಡಿ, ನಮ್ಮ ಸೌಂಡ್ ಎಂಜಿನಿಯರ್ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆಸೆದ. ನೀವು ಗಾಬರಿಯಾಗಿ, "ಜಾಸ್ತಿ ಆಯ್ತಾ ಪಾ?" ಎಂದು ಕೇಳಿದಿರಿ.

ಸಿನಿಮಾ ಓಡಿತು. ಮಕ್ಕಳು ಹುಡುಗನನ್ನು ಬಿಟ್ಟು ಅಜ್ಜಿಯನ್ನು ಹಿಡಿದುಕೊಂಡರು. ಕಂಪನಿ ಎರಡನೆಯ ಭಾಗ ಮಾಡುತ್ತೇವೆಂದಿತು, ಅದರ ಜೊತೆಗೇ ಅಜ್ಜಿಯದೇ ಒಂದು ಬೇರೆ ಸಿನಿಮಾ ಎಂದಿತು — ಅವಳ ಬಾಲ್ಯ, ಅವಳ ಮೊದಲ ಕೂಗು, ಎಲ್ಲ. ಸ್ಟುಡಿಯೋ ಗೋಡೆಯ ಮೇಲೆ ಅದರ ಪೋಸ್ಟರ್ ನೋಡಿಕೊಂಡು ಹೋದಿರಿ. ಮನೆ ಸೇರಿದ ಮೇಲೆ ಫೋನ್ ಮಾಡಿದಿರಿ; ಸಿನಿಮಾಕ್ಕೆ ನೀವು ಇಲ್ಲಿನ ತಮಿಳರಂತೆ ಪಡ ಎನ್ನುತ್ತಿದ್ದಿರಿ. "ಪ್ರಸನ್ನ, ಪಡ ಪೂರ್ತಿ ನನ್ನ ವಾಯ್ಸೇನಾ ಪಾ? ಬೇರೆ ಯಾರ್ನೂ ಹಾಕಲ್ಲ ತಾನೇ?" ನಾನು ನಕ್ಕೆ. ಗುಡುಗಜ್ಜಿ ಎಂದರೆ ನೀವೇ ಅಲ್ಲವೇ ಎಂದೆ. ಆ ದಿನ ಹೇಳಿದ್ದು ನಿಜವೇ ಆಗಿತ್ತು.

ಎರಡನೆಯ ಭಾಗದ ಡಬ್ಬಿಂಗ್ ನಡೆಯುತ್ತಿದ್ದಾಗ ನಿಮ್ಮ ದನಿ ಒಡೆಯತೊಡಗಿತು. ಗಂಟಲಲ್ಲಿ ಸಣ್ಣ ಗಂಟಿದೆ, ತಡಮಾಡದೆ ತೆಗೆಸಿ, ದನಿ ಸ್ವಲ್ಪ ಬದಲಾಗಬಹುದು ಎಂದರಂತೆ ಡಾಕ್ಟರು. ನಿಮಗೆ ಕೇಳಿಸಿದ್ದು ಆ ಬದಲಾಗುವ ಮಾತೊಂದೇ.

ಅದೇ ವಾರ ಅಂಬತ್ತೂರಿನಿಂದ ಸುದ್ದಿ ಬಂತು. ಅಜ್ಜಿಯ ಸಿನಿಮಾ ಕೈಬಿಟ್ಟಿದ್ದೇವೆ, ನಾವಾಗಿ ಹೇಳುವವರೆಗೆ ಕಲಾವಿದರಿಗೆ ತಿಳಿಸಬೇಡಿ. ಅವರ ಮಾತಿಗೆ ಬಾಯಿ ಮುಚ್ಚಿಕೊಂಡೆ ಎಂದು ಬರೆದರೆ ಸುಲಭವಾಗುತ್ತಿತ್ತು. ಕಾರಣ ಬೇರೆ. ಕೂಗು, ಚೀರಾಟವನ್ನೆಲ್ಲ ನಾವು ಕೊನೆಗೆ ಇಟ್ಟುಕೊಳ್ಳುತ್ತೇವೆ; ಮೊದಲೇ ಕೂಗಿಸಿದರೆ ಮಾತಿಗೆ ಗಂಟಲು ಉಳಿಯುವುದಿಲ್ಲ. ನಿಮ್ಮ ಮಾತೆಲ್ಲ ಮುಗಿದಿತ್ತು. ಹನ್ನೊಂದು ಕೂಗು ಬಾಕಿ ಇತ್ತು. ಮುಂದೆ ಸಿನಿಮಾ ಇಲ್ಲವೆಂದು ತಿಳಿದರೆ ನೀವು ಮಾರನೆಯ ದಿನವೇ ಆಸ್ಪತ್ರೆ ಸೇರುತ್ತೀರಿ, ನನ್ನ ಕೆಲಸ ಅರ್ಧಕ್ಕೆ ನಿಲ್ಲುತ್ತದೆ — ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಮೊದಲ ಸಿನಿಮಾದ ಕೂಗುಗಳನ್ನೇ ತಂದು ಅಂಟಿಸಬಹುದಿತ್ತು. ಅದೂ ಹೊಳೆದಿತ್ತು. ಅಷ್ಟು ಚೆನ್ನಾಗಿ ಕೂರುವುದಿಲ್ಲ ಎಂದು ಬಿಟ್ಟೆ.

ಆಗ ವಸುಧಾ ಫೋನ್ ಮಾಡಿದಳು. "ಸಾರ್, ಅಜ್ಜಿ ಪಡ ಮುಗೀಲಿ, ಆಮೇಲೆ ಆಪರೇಷನ್ ಅಂತ ಅಮ್ಮ ಹಟ ಮಾಡ್ತಿದಾಳೆ. ಆ ಪಡ ನಿಜವಾಗ್ಲೂ ಇದೆಯಾ? ಇಲ್ಲ ಅಂದ್ರೆ ನಾಳೇನೇ ಅಡ್ಮಿಟ್ ಮಾಡಿಬಿಡ್ತೀನಿ."

"ಇದೆಯಮ್ಮ, ಇದೆ."

ನಾಳೆಯೇ ಎಂದಿದ್ದಳು. ನಾಳೆಯೇ…

ಆ ಹನ್ನೊಂದು ಕೂಗಿಗೆ ಆರು ವಾರ ಹಿಡಿಯಿತು; ಚಿತ್ರ ಸಿದ್ಧವಾದಂತೆ ಒಂದೊಂದೇ ದೃಶ್ಯ ಬರುತ್ತಿತ್ತು. ಕೊನೆಯದನ್ನು ಮೈಕಿನ ಸ್ಟ್ಯಾಂಡ್ ಹಿಡಿದುಕೊಂಡು ಕೂಗಿದಿರಿ. ಆಮೇಲೆ ಫ್ಲಾಸ್ಕಿನ ಮುಚ್ಚಳ ತಿರುಗಿಸಲೂ ನಿಮ್ಮ ಕೈಯಲ್ಲಿ ಆಗಲಿಲ್ಲ. ನಾನೇ ತಿರುಗಿಸಿ ಕೊಟ್ಟೆ. ಚಪ್ಪಾಳೆಯನ್ನೂ ತಟ್ಟಿದೆ. ಅವತ್ತಾದರೂ ಹೇಳಬಹುದಿತ್ತು. ನನ್ನ ಕೆಲಸ ಆಗಿಹೋಗಿತ್ತು, ಹೇಳಿದ್ದರೆ ಕಳೆದುಕೊಳ್ಳುವುದು ಏನೂ ಇರಲಿಲ್ಲ — ನಿಮ್ಮ ಮುಖ ನೋಡುವುದೊಂದನ್ನು ಬಿಟ್ಟರೆ. ಮುಂದಿನ ತಿಂಗಳು ಶುರುವಾಗಬಹುದು ಎಂದೆ. ಮುಂದಿನ ತಿಂಗಳೂ ಅದನ್ನೇ ಅಂದೆ. ನೀವು ದಿನಾ ಬೆಳಿಗ್ಗೆ ಬಾಲ್ಕನಿಯಲ್ಲಿ ಮೆಲ್ಲಗೆ ಕೂಗಿ ಗಂಟಲು ಪಳಗಿಸುತ್ತಿದ್ದಿರಂತೆ. ಹಾಗೆ ಐದು ತಿಂಗಳು.

ಆ ಐದು ತಿಂಗಳಲ್ಲಿ ಗಂಟು ಸುಮ್ಮನಿರಲಿಲ್ಲ. ಕೊನೆಗೆ ನಿಮ್ಮ ಧ್ವನಿಪೆಟ್ಟಿಗೆಯನ್ನೇ ತೆಗೆದರು.

ಕಂಪನಿ ಏನನ್ನೂ ಹೇಳಲಿಲ್ಲ. ಪೋಸ್ಟರ್ ಒಂದು ದಿನ ಗೋಡೆಯ ಮೇಲೆ ಇರಲಿಲ್ಲ, ಅಷ್ಟೆ. ನಾನು ಕಿತ್ತಳೆ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಬಂದೆ — ನುಂಗಲಾಗದವರಿಗೆ ಕಿತ್ತಳೆ! ನೀವು ದಿಂಬಿನ ಕೆಳಗಿನಿಂದ ನೋಟ್‌ಬುಕ್ ತೆಗೆದು, ಬರೆದು ನನ್ನ ಕಡೆ ತಿರುಗಿಸಿದಿರಿ. "ನನ್ನಿಂದ ನಿನ್ನ ಪಡ ನಿಂತುಹೋಯ್ತು. ಮನ್ನಿಸು ಪಾ."

ವಸುಧಾ ನನ್ನನ್ನೇ ನೋಡುತ್ತಿದ್ದಳು. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ದೇವರೂ ಕೊಡಲಾರ. ನಾನು ನಿಮ್ಮ ಕೈ ಹಿಡಿದು, "ಪರವಾಗಿಲ್ಲ ಬಿಡಿ, ಇಂದಿರಮ್ಮ" ಎಂದೆ. ಕ್ಷಮಿಸಿಬಿಟ್ಟೆ ನಿಮ್ಮನ್ನು. ನಾನು!

ಸುಳ್ಳಿನ ದಿನ ನೆನಪಾದರೆ ನಾಚಿಕೆಯಾಗುತ್ತದೆ. ಆಸ್ಪತ್ರೆಯ ಆ ದಿನ ನೆನಪಾದರೆ ನನ್ನನ್ನು ಕಂಡು ನನಗೇ ಹೇಸಿಗೆಯಾಗುತ್ತದೆ.

ಈ ಭಾನುವಾರ ಅಡ್ಯಾರಿಗೆ ಬರುತ್ತೇನೆ. ಈ ಕಾಗದವನ್ನು ಅಂಚೆಗೆ ಹಾಕಿ ತಪ್ಪಿಸಿಕೊಳ್ಳುವುದಿಲ್ಲ. ವಸುಧಾ ಇಲ್ಲೇ ತಮಿಳಿನಲ್ಲಿ ಓದಿ ಬೆಳೆದವಳು, ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಆದ್ದರಿಂದ ನಿಮ್ಮಿಬ್ಬರ ಎದುರು ಕುಳಿತು ನಾನೇ ಇದನ್ನು ಗಟ್ಟಿಯಾಗಿ ಓದುತ್ತೇನೆ. ಕ್ಷಮೆ ಕೇಳುವುದಿಲ್ಲ. ಮೊದಲ ಸಾಲಿಗೇ ನನ್ನನ್ನು ಬಯ್ಯಬೇಕೆನ್ನಿಸುತ್ತದೆ ನಿಮಗೆ. ಆದರೆ ನೀವು ಕನ್ನಡಕ ಹಾಕಿಕೊಳ್ಳಬೇಕು, ನೋಟ್‌ಬುಕ್ ತೆಗೆಯಬೇಕು, ಪೆನ್ನು ಹುಡುಕಬೇಕು — ಬಂಡೆ ಸೀಳುವ ಹಾಗೆ ಕೂಗುತ್ತಿದ್ದವರು. ನೀವು ಬರೆದು ಮುಗಿಸುವವರೆಗೆ ಅಲ್ಲೇ ಕುಳಿತಿರುತ್ತೇನೆ.