ಚಪ್ಪಾಳೆ ಮಾವ

ನಮ್ಮ ಸೋದರಮಾವ ಯಾರ ಮನೆಗೆ ಕಾಲಿಟ್ಟರೂ ಕುಶಲ ಕೇಳುವ ಮೊದಲು ಒಂದು ಚಪ್ಪಾಳೆ ತಟ್ಟಿ ಕಿವಿಗೊಡುತ್ತಿದ್ದರು. ಹಾಗಾಗಿ ಮಕ್ಕಳಿಗೆಲ್ಲ ಅವರು ಚಪ್ಪಾಳೆ ಮಾವ. ಹಾಡುಗಾರರ ಮೈಕಿನ ದನಿಗೆ ಪ್ರತಿಧ್ವನಿ ಕೂಡಿಸುವ, ಉಗುರಗಲದ ಎಲೆಕ್ಟ್ರಾನಿಕ್ ಚಿಪ್ಪಿಗೆ ಪ್ರೋಗ್ರಾಮ್ ಬರೆಯುವುದು ಅವರ ಕಸುಬು. ಬಾಡಿಗೆ ಮನೆ ನೋಡಲು ಹೋದಾಗ ಅತ್ತೆ ನೀರಿನ ವಿಚಾರ ಕೇಳಿದರೆ, ಮಾವ ಮೆಟ್ಟಿಲ ಕೆಳಗೆ ಚಪ್ಪಾಳೆ ತಟ್ಟಿ, “ದನಿ ಚೆನ್ನಾಗಿ ಬರುತ್ತೆ ಕಣೇ, ಸಾಕು” ಎಂದರಂತೆ. “ಹಾಗಾದ್ರೆ ಅದನ್ನೇ ಕೊಡಕ್ಕೆ ತುಂಬ್ಕೊಳ್ಳಿ” ಎಂದಳಂತೆ ಅತ್ತೆ. ಗುಹೆ, ಬಾವಿ, ಸಭಾಂಗಣಗಳನ್ನೆಲ್ಲ ಚಿಪ್ಪಿನೊಳಗೆ ತುರುಕಿದ ಈ ಭೂಪನಿಗೆ ಒಲಿಯದೆ ಉಳಿದದ್ದು ಒಂದೇ: ರಸ್ತೆ ಅಗಲ ಮಾಡುವಾಗ ಕೆಡವಿದ ಹಳೇ ಮನೆಯ ಬಚ್ಚಲು. ನಮ್ಮಜ್ಜಿ ಅಲ್ಲಿ ಬಟ್ಟೆ ಒಗೆಯುತ್ತಾ ಗುನುಗುತ್ತಿದ್ದಳಂತೆ. ತೀರಿಕೊಂಡ ಅವಳ ದನಿಯನ್ನು ಯಾರೂ ರೆಕಾರ್ಡ್ ಮಾಡಿರಲಿಲ್ಲ. ಆ ಬಚ್ಚಲಿನ ಗುಂಯ್‌ಕಾರವಾದರೂ ಉಳಿಯಲಿ ಎಂಬ ಹಟ ಮಾವನದು. ಪ್ರೋಗ್ರಾಮಿನ ಅಂಕಿಗಳನ್ನು ತಿದ್ದಿ ತಿದ್ದಿ, ನಮ್ಮಮ್ಮನ ಕೈಗೆ ಮೈಕು ಕೊಟ್ಟು, “ಅಮ್ಮನ ಹಾಗೆ ಗುನುಗೇ ತಂಗೀ” ಎನ್ನುವರು. “ಊಹೂಂ, ಇದಲ್ಲ ಕಣೋ ಅಣ್ಣ” ಎಂದು ಅವಳು ತಲೆಯಾಡಿಸುವಳು. ಹೀಗೇ ವರ್ಷಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅಮ್ಮನಿಗೆ ಹೊಳೆಯಿತು: “ಅಣ್ಣಾ, ನೀನು ನಮ್ಮನ್ನ ಒಳಗೆ ಕೂರಿಸಿಬಿಟ್ಟಿದ್ದೀಯಲ್ಲೋ! ಅಮ್ಮ ಬಾಗಿಲು ಹಾಕ್ಕೊಂಡಿರ್ತಿದ್ಳು. ನಾವು ಹೊರಗೆ ಕೂತು ಕಾಯ್ತಿದ್ವಿ.” ಮಾವ ದನಿಯ ಚೂಪನ್ನೆಲ್ಲ ತಗ್ಗಿಸಿ, ಚಿಪ್ಪಿನೊಳಗೆ ಒಂದು ಮರದ ಬಾಗಿಲು ಮುಚ್ಚಿದರು. ಅಮ್ಮ ಮೈಕು ಹಿಡಿದು ಪಕ್ಕದ ಕೋಣೆಗೆ ಹೋಗಿ ಗುನುಗಿದಳು. ಸ್ಪೀಕರಿನ ಮುಂದೆ ನೆಲದ ಮೇಲೆ ಮಂಡಿ ಅಪ್ಪಿ ಕೂತಿದ್ದ ನರೆಗೂದಲ ಮಾವ ಅಂದು ಚಪ್ಪಾಳೆ ತಟ್ಟಲಿಲ್ಲ. “ಬೇಗ ಬಾರಮ್ಮಾ, ಹೊಟ್ಟೆ ಹಸೀತಿದೆ” ಎಂದರು.