ಗುಲಶನಳ ಪಾಲು

ವಿಜಯಪುರದಿಂದ ಬಂದು ಮುಂಬೈನ ಮಲಾಡಿನಲ್ಲಿ ಹೊಲಿಗೆ ಅಂಗಡಿ ಇಟ್ಟ ಯಾಕೂಬನಿಗೆ, ಮನೆಗೆ ಬಂದ ಊಟವನ್ನು ವಾಪಸು ಕಳಿಸಿ ಗೊತ್ತಿಲ್ಲ. ಹೆಂಡತಿ ಗುಲಶನ ಕ್ಯಾನ್ಸರಿನಿಂದ ಚೇತರಿಸಿಕೊಳ್ಳುವಾಗ ಬಿಲ್ಡಿಂಗಿನವರೆಲ್ಲ ಪ್ರೀತಿಯಿಂದ ಡಬ್ಬಿ ಕಳಿಸಿದರು. ಬಿರಿಯಾನಿ, ಕಬಾಬು, ತುಪ್ಪ ತೇಲುವ ಶೀರಾ. ಆದರೆ ಚಿಕಿತ್ಸೆಯಿಂದ ಅವಳ ಹೃದಯ ದಣಿದಿದೆ, ಎಣ್ಣೆ ಉಪ್ಪು ಕಡಿಮೆ ಮಾಡಿ, ದಿನಾ ನಡೆಯಲಿ ಎಂದಿದ್ದರು ಡಾಕ್ಟರು. ಯಾಕೂಬ ಅವಳಿಗೆ ಜೋಳದ ರೊಟ್ಟಿ, ಸಪ್ಪೆ ಬೇಳೆ ತಾನೇ ಮಾಡಿಕೊಟ್ಟ. ಡಬ್ಬಿಗಳನ್ನು ಮಾತ್ರ, "ಕೊಟ್ಟವ್ರ ಮನಸ್ಸು ನೋಯಬಾರ್ದು, ನಿನ್ನ ಪಾಲು ನಾ ಉಣ್ತೀನಿ" ಎಂದು ಒಬ್ಬನೇ ಖಾಲಿ ಮಾಡಿದ. ಅವಳು ವಾಕಿಂಗಿಗೆ ಹೊರಟರೆ ಇವನು ಬಾಗಿಲಲ್ಲಿ ನಿಂತು ತೇಗುತ್ತ ದುವಾ ಮಾಡುತ್ತಿದ್ದ.

ಈ ಸಲದ ತಪಾಸಣೆಯಲ್ಲಿ ಡಾಕ್ಟರು ಗುಲಶನಳ ಹೃದಯ ಚೆನ್ನಾಗಿದೆ ಎಂದರು. ಪಕ್ಕದಲ್ಲಿ ಏದುಸಿರು ಬಿಡುತ್ತ ಕೂತಿದ್ದ ಯಾಕೂಬನ ತೋಳಿಗೂ ಪಟ್ಟಿ ಸುತ್ತಿದರು. ಬಿ.ಪಿ. ನೋಡಿ ಅವರ ಹುಬ್ಬು ಮೇಲೇರಿತು.

ಮನೆಗೆ ಬಂದರೆ ಮೇಲಿನ ಮನೆಯ ಬಿರಿಯಾನಿ ಕಾದಿತ್ತು. ಯಾಕೂಬ ಮುಚ್ಚಳಕ್ಕೆ ಕೈ ಹಾಕಿದ. ಗುಲಶನ ಡಬ್ಬಿ ಆಚೆ ಸರಿಸಿ, ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಅವನ ಮುಂದಿಟ್ಟಳು.

"ಉಣ್ರಿ. ಇದೂ ನನ್ನ ಪಾಲೇ ಐತಿ."