ಗ್ಲೆನಿಸ್ ಹುಡುಕಿದ ಐದು ಹಾಸಿಗೆಯ ಮನೆ

ಗ್ಲೆನಿಸ್ ಎಂಟ್‌ವಿಸ್ಲ್ ಹಾಲಿನ ಬಾಟಲಿಯನ್ನು ತಾನೇ ಈಗತಾನೆ ತೆರೆದಿದ್ದರೂ ಹಾಲನ್ನು ಮೂಸಿ ನೋಡದೆ ಚಹಾಕ್ಕೆ ಹಾಕುವವಳಲ್ಲ. ಬರ್ನ್‌ಲಿಯ ಶಾಲೆಯೊಂದರ ಅಡುಗೆಮನೆಯಲ್ಲಿ ನಾವಿಬ್ಬರೂ ಇಪ್ಪತ್ತೆರಡು ವರ್ಷದಿಂದ ಜೊತೆಗಿದ್ದೇವೆ. ನಮ್ಮ ಮನೆಗಳದ್ದೂ ಒಂದೇ ಗೋಡೆ. ಇಷ್ಟಾದರೂ ನಾನು ಬೇಯಿಸಿದ ಆಲೂಗಡ್ಡೆಗೆ ಇವತ್ತಿಗೂ ಅವಳು ಫೋರ್ಕ್ ಚುಚ್ಚಿ ನೋಡುತ್ತಾಳೆ. ಮೊದಮೊದಲು ಮೈ ಉರಿಯುತ್ತಿತ್ತು. ಈಗ ನಾನೇ ಫೋರ್ಕ್ ತಂದು ಕೈಗೆ ಕೊಡುತ್ತೇನೆ.

ಅವಳ ಅನುಮಾನಕ್ಕೆ ಕಾರಣವೂ ಇತ್ತೆನ್ನಿ. ಏಳು ವರ್ಷದ ಹಿಂದೆ ರಜೆಗೆಂದು ಬಾರ್ಸಿಲೋನಾದಲ್ಲಿ ಇಂಟರ್ನೆಟ್ ಮೂಲಕ ಒಂದು ಬಾಡಿಗೆ ಮನೆ ಹಿಡಿದಿದ್ದಳು. ಹದಿನಾಲ್ಕನೇ ನಂಬರಿನ ಮನೆ. ಹೋಗಿ ನೋಡಿದರೆ ಆ ಬೀದಿ ಹನ್ನೆರಡಕ್ಕೇ ಮುಗಿದಿತ್ತು. ಗಂಡ, ಮೂರು ಮಕ್ಕಳು, ನಾಲ್ಕು ಪೆಟ್ಟಿಗೆ ಕಟ್ಟಿಕೊಂಡು ವಿಮಾನ ನಿಲ್ದಾಣದ ನೆಲದ ಮೇಲೆ ಬಿದ್ದುಕೊಂಡಿದ್ದು ಮರುದಿನ ವಾಪಸ್ ಬಂದರು. ಅಲ್ಲಿಂದ ಮುಂದೆ ಪ್ರವಾಸ ಎಂದರೆ ಬ್ಲ್ಯಾಕ್‌ಪೂಲಿನ ಸಮುದ್ರ, ಅದೂ ಬೆಳಿಗ್ಗೆ ಹೋಗಿ ಸಂಜೆ ಬರುವುದು.

ಹೋದ ವರ್ಷ ಮಾತ್ರ ಅವಳು ಮತ್ತೆ ಹಟ ಹಿಡಿದಳು. ದೊಡ್ಡ ಮಗ ಡೆಕ್ಲನ್‌ಗೆ ಹದಿನೆಂಟು ತುಂಬಿತ್ತು. ನವೆಂಬರಿನಲ್ಲಿ ಸೈನ್ಯದ ತರಬೇತಿಗೆ ಹೊರಡುವವನಿದ್ದ. ಅದಕ್ಕೂ ಮೊದಲು, ಅಕ್ಟೋಬರಿನ ಶಾಲಾ ರಜೆಯಲ್ಲಿ, ಐದೂ ಜನ ನಾಲ್ಕು ದಿನ ಒಂದೇ ಸೂರಿನಡಿ ಇರಬೇಕು ಎನ್ನುವುದು ಅವಳ ಆಸೆ. ಆರಿಸಿದ ಊರು ಪರದೇಶದ ಪೋರ್ಟೊ, ಏಕೆಂದರೆ ಮ್ಯಾಂಚೆಸ್ಟರಿನಿಂದ ಅಲ್ಲಿಗೆ ಟಿಕೆಟ್ ಅಗ್ಗವಿತ್ತು.

ಟಿಕೆಟ್ ಅಗ್ಗವಾದರೇನು, ಹೋಟೆಲಿನವರಿಗೆ ಕುಟುಂಬ ಎಂದರೆ ನಾಲ್ಕೇ ಜನ. ಐದನೆಯವನು ಬಂದನೋ, ಇನ್ನೊಂದು ಕೋಣೆ, ಇನ್ನೊಂದು ಬಾಡಿಗೆ. ಒಂದು ಭಾನುವಾರ ಊಟದ ಹೊತ್ತಿಗೆ ಈ ಗೋಳನ್ನೇ ತೋಡಿಕೊಳ್ಳುತ್ತಿದ್ದಾಗ ಡೆಕ್ಲನ್ ನಗುತ್ತಲೇ ಹೇಳಿಬಿಟ್ಟ: "ಅದಕ್ಯಾಕಮ್ಮ ತಲೆ ಕೆಡಿಸ್ಕೊತೀಯಾ? ನೀವು ನಾಲ್ಕು ಜನ ಎಂಟ್‌ವಿಸ್ಲ್, ಒಂದು ರೂಮು ಸಾಕು. ನಾನೊಬ್ಬ ರಿಗ್ಬಿ. ಎಲ್ಲಾದ್ರೂ ಮಲಗ್ತೀನಿ ಬಿಡು."

ರಿಗ್ಬಿ ಅವಳ ಮೊದಲ ಗಂಡ. ಡೆಕ್ಲನ್‌ಗೆ ಮೂರು ವರ್ಷವಿದ್ದಾಗ ಬಿಟ್ಟುಹೋದ ಮಹಾನುಭಾವ. ಮರುವರ್ಷ ಈಗಿನ ಗಂಡ ಕ್ಲೈವ್ ಎಂಟ್‌ವಿಸ್ಲ್ ಬಂದ, ಬಸ್ ಓಡಿಸುವವನು, ಮಾತು ಕಡಿಮೆ; ಆಮೇಲೆ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಹದಿನಾಲ್ಕು ವರ್ಷ ಆ ಹುಡುಗನ ಬೂಟಿಗೆ ಪಾಲಿಶ್ ಹಾಕಿದ್ದಾನೆ, ಆದರೂ ಹುಡುಗನ ಬಾಯಲ್ಲಿ ಅವನು ಬರೀ ಕ್ಲೈವ್. ಆವತ್ತು ಕ್ಲೈವ್ ತಟ್ಟೆ ಎತ್ತಿಕೊಂಡು ಸಿಂಕಿನ ಹತ್ತಿರ ಹೋಗಿ, ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ತೊಳೆದ. ನಾನೂ ಆ ಮೇಜಿನ ಬಳಿಯೇ ಇದ್ದೆ. ಹುಡುಗನ ಕಿವಿ ಹಿಂಡಬೇಕು ಅನ್ನಿಸಿತ್ತು.

ಹದಿನೈದು ದಿನ ತಡಕಾಡಿದ ಮೇಲೆ ಗ್ಲೆನಿಸ್‌ಗೆ ಒಂದು ಮನೆ ಸಿಕ್ಕಿತು. ಓಡೆಟ್ ಎಂಬ ವಯಸ್ಸಾದ ಹೆಂಗಸಿನದು. ಎರಡು ಕೋಣೆ, ಐದು ಹಾಸಿಗೆ, ಹೋಟೆಲಿನ ಅರ್ಧಕ್ಕಿಂತ ಕಡಿಮೆ ಬಾಡಿಗೆ. ಖುಷಿಪಡುವುದು ಬಿಟ್ಟು ಬೆಳಿಗ್ಗೆಯೇ ಫೋನ್ ಹಿಡಿದು ನನ್ನ ಬೆನ್ನು ಹತ್ತಿದಳು.

"ಜಾನಿಸ್, ಈ ಫೋಟೋದಲ್ಲಿ ಪರದೆ ನೀಲಿ. ಇದರಲ್ಲಿ ಹಸಿರು. ಎರಡು ಬೇರೆ ಬೇರೆ ಮನೆ ಕಣೇ."

"ಒಗೆಯೋಕೆ ಹಾಕಿರ್ತಾಳೆ ಮಾರಾಯ್ತಿ."

"ಇಂಗ್ಲಿಷ್ ನನಗಿಂತ ಚೆನ್ನಾಗಿ ಬರೀತಾಳೆ. ಲಂಡನ್ನಿನ ಹೋಟೆಲಲ್ಲಿ ಹನ್ನೆರಡು ವರ್ಷ ರೂಮು ಗುಡಿಸಿದ್ದಳಂತೆ. ಕೇಳದೆ ಇದ್ರೂ ಯಾಕೆ ಹೇಳಿದ್ಲು?"

"ಹೇಳದೆ ಇದ್ದಿದ್ರೆ ಯಾಕೆ ಹೇಳಲಿಲ್ಲ ಅಂತಿದ್ದೆ."

"ಅಡುಗೆಮನೆ ಫೋಟೋ ನೋಡು. ಚಹಾಕ್ಕೆ ನೀರು ಕಾಯಿಸೋ ಕೆಟಲ್ ಇಲ್ಲ. ಜನ ವಾಸ ಮಾಡೋ ಮನೇಲಿ ಕೆಟಲ್ ಇಲ್ದೆ ಇರುತ್ತಾ?"

ಕೊನೆಗೆ ಅವಳು ಆ ಹೆಂಗಸಿಗೆ ಬರೆದೇಬಿಟ್ಟಳು: ನಿಮ್ಮ ಕೆಟಲ್ಲನ್ನು ಇವತ್ತಿನ ಪೇಪರಿನ ಪಕ್ಕ ಇಟ್ಟು ಫೋಟೋ ಕಳಿಸಿ. ಒಲೆಯ ಮೇಲಿನ ಸಣ್ಣ ಪಾತ್ರೆ ಮತ್ತು ಪೇಪರಿನ ಫೋಟೋ ಬಂತು, ನಾವು ನೀರು ಕಾಯಿಸುವುದು ಇದರಲ್ಲೇ ಎಂಬ ಒಕ್ಕಣೆ ಸಮೇತ. ಮರುದಿನ ಹೊಚ್ಚಹೊಸ ಕೆಟಲ್, ಪಕ್ಕದಲ್ಲಿ ಆ ದಿನದ ಪೇಪರು. ನಿಮಗಾಗಿಯೇ ಕೊಂಡೆ ಎಂದಿದ್ದಳು ಪಾಪ.

"ಅಂಗಡಿ ಚೀಟಿ ಕೂಡ ಕಿತ್ತಿಲ್ಲ ನೋಡು," ಎಂದಳು ಗ್ಲೆನಿಸ್. "ಫೋಟೋ ತೆಗೆದು ಅಂಗಡಿಗೆ ವಾಪಸ್ ಕೊಟ್ಟಿರ್ತಾಳೆ."

"ನೀನು ಉದ್ಧಾರ ಆಗಲ್ಲ," ಎಂದೆ ನಾನು. ಅಂತೂ ಮುಂಗಡ ಕಟ್ಟಿದಳು.

ಹೊರಡಲು ವಾರವಿದೆ ಎನ್ನುವಾಗ ಓಡೆಟ್ ಐದೂ ಜನರ ಪಾಸ್‌ಪೋರ್ಟ್ ನಂಬರು ಕೇಳಿದಳು. ಪರದೇಶದಿಂದ ಬಂದು ತಂಗುವವರ ವಿವರವನ್ನು ಮನೆಯವರು ಸರ್ಕಾರಕ್ಕೆ ಕೊಡಬೇಕಾದದ್ದು ಅಲ್ಲಿನ ಕಾನೂನಂತೆ. ನಮ್ಮಲ್ಲಿ ಗುರುತಿನ ಚೀಟಿ ಎನ್ನುವುದೇ ಇಲ್ಲ. ನೀನು ಯಾರು ಎಂದು ಯಾರಾದರೂ ಕೇಳಿದರೆ ನಿನಗ್ಯಾಕೆ ಎಂದು ತಿರುಗಿಸಿ ಕೇಳುವ ಜನ ನಾವು. ಗ್ಲೆನಿಸ್ ಸೌಟು ಕೆಳಗಿಟ್ಟಳು.

"ನೋಡಿದ್ಯಾ? ನಂಬರು ಕದಿಯೋಕೇ ಅವಳು ಕೆಟಲ್ ಕೊಂಡಿದ್ದು."

"ಹಾಗಾದ್ರೆ ಬಿಟ್ಟುಬಿಡು."

"ಬಿಟ್ರೆ ಐದು ಜನಕ್ಕೆ ಇನ್ನೆಲ್ಲಿದೆ? ಡೆಕ್ಲನ್‌ನ ಬೇರೆ ಕಡೆ ಮಲಗಿಸ್ಲಾ?" ಅವಳ ಕಣ್ಣು ತುಂಬಿತ್ತು. ಸಿಟ್ಟಿನಲ್ಲೋ ದುಃಖದಲ್ಲೋ, ಅವಳಿಗೆ ಎರಡೂ ಒಟ್ಟಿಗೇ ಬರುತ್ತವೆ.

ಮರುದಿನ ಬಂದವಳ ಮುಖದಲ್ಲಿ ಗೆದ್ದ ಕಳೆಯಿತ್ತು. ಐದೂ ನಂಬರು ಕಳಿಸಿದ್ದಳಂತೆ, ಆದರೆ ಒಂದೊಂದರಲ್ಲೂ ಕೊನೆಯ ಅಂಕಿ ಬದಲಿಸಿ. "ಕಳ್ಳಿಯಾದ್ರೆ ಉಪಯೋಗಕ್ಕೆ ಬರಲ್ಲ. ಒಳ್ಳೆಯವಳಾದ್ರೆ ಗೊತ್ತೇ ಆಗಲ್ಲ," ಎಂದಳು. ನಾನು ಹಣೆ ಚಚ್ಚಿಕೊಂಡೆ.

ಅವರು ಪೋರ್ಟೊ ತಲುಪಿದ ದಿನ ಅವಳ ಅಪ್ಪಣೆಯಂತೆ ನಾನು ನನ್ನ ಅಡುಗೆಮನೆಯಲ್ಲಿ ಫೋನ್ ಹಿಡಿದು ಕೂತಿದ್ದೆ. ಆ ಮನೆಯ ಬಾಗಿಲ ಹಿಂದೆ ಏನಾದರೂ ಆದರೆ ನಾನು ಪೊಲೀಸರಿಗೆ ತಿಳಿಸಬೇಕು, ಅದಕ್ಕಾಗಿ ನನಗೆ ಕರೆ ಮಾಡಿ, ಕಡಿಯದೆ ಫೋನನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದಳು. ಹಾಗಾಗಿ ನಾನು ಕಂಡದ್ದು ಏನೂ ಇಲ್ಲ, ಕೇಳಿದ್ದು ಎಲ್ಲ.

ಮೆಟ್ಟಿಲು ಹತ್ತಿದ ಸದ್ದು. ಬಾಗಿಲು ತೆರೆದ ಸದ್ದು. ಮನೆ ಇತ್ತು, ಓಡೆಟ್ಟೂ ಇದ್ದಳು. ಆಮೇಲೆ ಪಾಸ್‌ಪೋರ್ಟುಗಳ ಹಾಳೆ ತಿರುಗಿಸುವ ಸಪ್ಪಳ, ಬಹಳ ಹೊತ್ತು.

"ಒಂದು ನಂಬರು ತಪ್ಪಾದ್ರೆ ಕೈತಪ್ಪು," ಎಂದಳು ಓಡೆಟ್, ನಿಧಾನವಾಗಿ. "ಐದಕ್ಕೆ ಐದೂ ತಪ್ಪು. ಯಾರು ನೀವೆಲ್ಲ?"

"ಅದು... ಟೈಪ್ ಮಾಡುವಾಗ..."

"ನೀವು ಕೆಟಲ್ ಕೇಳಿದ್ರಿ, ಕೊಂಡೆ. ಪೇಪರು ಕೇಳಿದ್ರಿ, ಇಟ್ಟೆ. ಈಗ ನಾನು ಕೇಳ್ತೀನಿ. ಇವು ನಿಮ್ಮ ಮಕ್ಕಳೇನಾ?"

"ಮತ್ಯಾರವು?"

"ನಮ್ಮ ಗುರುತಿನ ಕಾರ್ಡಲ್ಲಿ ಅಪ್ಪ ಅಮ್ಮನ ಹೆಸರಿರುತ್ತೆ. ನಿಮ್ಮ ಪಾಸ್‌ಪೋರ್ಟಲ್ಲಿ ಇಲ್ಲ. ಈ ಹುಡುಗನ ಮನೆತನದ ಹೆಸರೇ ಬೇರೆ. ಈ ಗಂಡಸು ಇವನಿಗೆ ಏನಾಗ್ಬೇಕು? ಹೇಳದೆ ಒಬ್ಬರೂ ಒಳಗೆ ಬರೋ ಹಾಗಿಲ್ಲ. ಪೊಲೀಸರನ್ನ ಕರೀತೀನಿ."

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಗ್ಲೆನಿಸ್ ಸಣ್ಣ ದನಿಯಲ್ಲಿ, "ನಾನೇ ಬೇಕಂತ ತಪ್ಪು ಬರೆದೆ. ನಿಮ್ಮ ಮೇಲೆ ನಂಬಿಕೆ ಇರಲಿಲ್ಲ. ಹೆದರಿಕೆ ಆಯ್ತು," ಎಂದಳು.

"ನನಗೂ ಈಗ ಅದೇ ಆಗ್ತಿರೋದು," ಎಂದಳು ಓಡೆಟ್. "ಹುಡುಗ ಹೇಳ್ಲಿ."

ಕ್ಲೈವ್ ಕೆಮ್ಮಿದ. "ನಾನು ಬೇಕಾದ್ರೆ ಎಲ್ಲಾದ್ರೂ ಅಗ್ಗದ ಲಾಡ್ಜು ನೋಡ್ಕೊತೀನಿ. ಇವರನ್ನ ಒಳಗೆ ಬಿಡಿ," ಎಂದ.

"ಇವರು ನಮ್ಮಪ್ಪ," ಎಂದಿತು ಡೆಕ್ಲನ್‌ನ ದನಿ.

"ಅದಕ್ಕೆ ಏನು ಸಾಕ್ಷಿ?"

"ಬಾರ್ಸಿಲೋನಾದಲ್ಲಿ ನಮಗೆ ಮನೆ ಸಿಗಲಿಲ್ಲ. ಇವರು ನನ್ನನ್ನ ತಮ್ಮ ಕೋಟಿನ ಮೇಲೆ ಮಲಗಿಸಿ, ತಾವು ಬರೀ ನೆಲದ ಮೇಲೆ ಮಲಗಿದ್ರು. ಸಾಕ್ಷಿ ಅಂತ ಇರೋದು ಅಷ್ಟೇ."

ಆಮೇಲೆ ಬೀಗದ ಕೈಗೊಂಚಲು ಮೇಜಿನ ಮೇಲೆ ಬಿದ್ದ ಸದ್ದು, ಹೆಣ್ಣುಮಕ್ಕಳಿಬ್ಬರೂ ಒಳಗೆ ಓಡಿದ ಸದ್ದು. ಸರಿಯಾದ ನಂಬರುಗಳನ್ನು ಓಡೆಟ್ ತಾನೇ ಬರೆದುಕೊಂಡಳಂತೆ, ಗ್ಲೆನಿಸ್‌ಗೆ ಪೆನ್ನು ಕೊಡಲಿಲ್ಲವಂತೆ.

ಜೇಬಿನಿಂದ ಫೋನು ಹೊರಗೆ ಬಂತು. ಗ್ಲೆನಿಸ್ ಪಿಸುಗುಟ್ಟುತ್ತಿದ್ದಳು, ಮೂಗು ಏರಿಸುತ್ತ. "ಜಾನಿಸ್, ಕೇಳಿಸ್ತಾ? ಅವನು ಅಪ್ಪ ಅಂತ ನಿಜವಾಗ್ಲೂ ಹೇಳಿದ್ನಾ, ಇಲ್ಲ ಬಾಗಿಲು ತೆಗೆಸೋಕೆ ಹೇಳಿದ್ನಾ?"

"ನಿನ್ನ ಅನುಮಾನಕ್ಕಿಷ್ಟು ಬೆಂಕಿ ಹಾಕ," ಎಂದು ಬೈಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳ ಹಿಂದೆ, ಒಳಕೋಣೆಯಿಂದ ಡೆಕ್ಲನ್ ಕೂಗಿದ. ಬಾಗಿಲು ಆಗಲೇ ತೆರೆದಿತ್ತು, ಓಡೆಟ್ ಮೆಟ್ಟಿಲು ಇಳಿದು ಹೋಗಿಯಾಗಿತ್ತು, ಅವನ ಮಾತನ್ನು ಪರೀಕ್ಷೆ ಮಾಡುವವರು ಅಲ್ಲಿ ಯಾರೂ ಇರಲಿಲ್ಲ.

"ಅಪ್ಪಾ, ಕಿಟಕಿ ಪಕ್ಕದ ಹಾಸಿಗೆ ನಿಂಗಾ, ನಂಗಾ?"

ಗ್ಲೆನಿಸ್ ಫೋನಿಟ್ಟಳು.